ಹತ್ತು ಮಂದಿ ಹತ್ತಿ ಗಾಡಿ ಹತ್ತಿದರು: ಅರ್ಥಕ್ಕೂ ಒಂದು ವಿಜ್ಞಾನವೇ?

ಪ್ರಶ್ನೆ: ಗದಗದಲ್ಲಿ ನನ್ನದೊಂದು ಬೀಜ–ಗೊಬ್ಬರದ ಅಂಗಡಿ ಇದೆ. ಮಗಳು ಭಾಷಾವಿಜ್ಞಾನದಲ್ಲಿ ಎಂ.ಎ. ಓದುತ್ತಿದ್ದಾಳೆ. ಈ ಸಲ ‘ಅರ್ಥವಿಜ್ಞಾನ’ ಅಂತ ಒಂದು ಪತ್ರಿಕೆ ಇದೆಯಂತೆ. ‘ಅರ್ಥ ಬೇಕಂದ್ರ ಡಿಕ್ಷನರಿ ತಗದು ನೋಡಿದ್ರ ಆತು, ಅದಕ್ಕ ಆರು ತಿಂಗಳು ಪಾಠ ಯಾಕ?’ ಅಂದೆ. ‘ಹಂಗಾದ್ರ ಹತ್ತು ಅಂದ್ರ ಏನು, ಹೇಳು’ ಅಂದಳು. ಒಂಬತ್ತು ಆದಮೇಲೆ ಬರೋದು ಅಂದೆ. ನಕ್ಕು ಒಳಗೆ ಹೋದಳು. ಆಮೇಲೆ ಗಲ್ಲೆಯ ಮೇಲೆ ಕೂತು ಯೋಚಿಸಿದರೆ ಬಸ್ ಹತ್ತೋದು, ಬೆಂಕಿ ಹತ್ತೋದು, ನಿದ್ದೆ ಹತ್ತೋದು ಎಲ್ಲ ನೆನಪಾಗಿ ತಲೆ ಕೆಟ್ಟಿತು. ಇದು ನಿಜವಾಗಿಯೂ ವಿಜ್ಞಾನವೇ, ಇಲ್ಲ ಬರೀ ಮಾತಿನ ಮೋಜೇ? ಒಂದು ಶಬ್ದಕ್ಕೆ ಇದೇ ಅರ್ಥ ಅಂತ ತೀರ್ಮಾನ ಮಾಡುವವರು ಯಾರು?

ಉತ್ತರ: ಮಗಳು ಭಾಳ ಚಲೋ ಶಬ್ದ ಆರಿಸಿದ್ದಾಳೆ. ನಾನು ಧಾರವಾಡದಲ್ಲಿ ವರ್ಷಗಟ್ಟಲೆ ಇದೇ ಪಾಠ ಮಾಡಿದವನು. ಒಂದು ಶಬ್ದಕ್ಕೆ ಹಲವು ಅರ್ಥ ಅನ್ನುವ ಮಾತು ಬಂದರೆ ಸಾಕು, ವಿದ್ಯಾರ್ಥಿಗಳು ಇಂಗ್ಲಿಷ್ ಪುಸ್ತಕದ ‘ಬ್ಯಾಂಕ್’ ಎತ್ತಿಕೊಂಡು ಬರುತ್ತಿದ್ದರು: ರೊಕ್ಕ ಇಡುವ ಬ್ಯಾಂಕು, ಹೊಳೆಯ ದಂಡೆ. ನಮ್ಮಲ್ಲಿ ಬ್ಯಾಂಕ್ ಅಂದರೆ ರೊಕ್ಕದ್ದೊಂದೇ. ತುಂಗಭದ್ರೆಯ ಬ್ಯಾಂಕಿಗೆ ಬಟ್ಟೆ ಒಗೆಯಲು ಹೋದವರನ್ನು ನಾನಂತೂ ಕಂಡಿಲ್ಲ. ಮನೆಯಲ್ಲೇ ‘ಹತ್ತು’ ಇಟ್ಟುಕೊಂಡು ಪಕ್ಕದ ಮನೆಗೆ ಕಡ ಕೇಳಲು ಹೋಗುವುದು ಯಾತಕ್ಕೆ?

ನಿಮ್ಮ ಅಂಗಡಿಗೆ ಹೊಂದುವ ಒಂದು ವಾಕ್ಯದಿಂದ ಸುರು ಮಾಡೋಣ. ‘ಹತ್ತು ಮಂದಿ ಹತ್ತಿ ಗಾಡಿ ಹತ್ತಿ ಹುಬ್ಬಳ್ಳಿಗೆ ಹೊಂಟ್ರು.’ ಇದನ್ನು ಕೇಳಿ ನೀವು ಒಂದು ಕ್ಷಣವೂ ತಡವರಿಸಲಿಲ್ಲ. ಮೊದಲನೆಯದು ಸಂಖ್ಯೆ, ಎರಡನೆಯದು ಬೆಳೆ, ಮೂರನೆಯದು ಕ್ರಿಯೆ ಎಂದು ಕಿವಿ ತಾನೇ ವಿಂಗಡಿಸಿಬಿಟ್ಟಿತು. ಹೆಚ್ಚುಕಡಿಮೆ ಒಂದೇ ದನಿಯನ್ನು ಕಿವಿ ಹೇಗೆ ಮೂರು ಮಾಡಿತು ಅನ್ನುವುದೇ ಅರ್ಥವಿಜ್ಞಾನದ ಪ್ರಶ್ನೆ. ನಿಘಂಟು ಕೊನೆಯ ಫಲಿತಾಂಶವನ್ನು ಬರೆದಿಡುತ್ತದೆ, ಅಲ್ಲಿಗೆ ಮುಟ್ಟಿದ ದಾರಿಯನ್ನಲ್ಲ.

ಇವು ಮೂರೂ ನಿಜವಾಗಿ ಬೇರೆ ಬೇರೆ ಶಬ್ದಗಳೇ? ಅಥವಾ ಒಂದೇ ಶಬ್ದ ಮೂರು ಕಡೆ ಕವಲೊಡೆದದ್ದೇ? ಇದಕ್ಕೆ ಊಹೆ ಸಾಲದು, ಸಾಕ್ಷಿ ಬೇಕು. ಕನ್ನಡದಲ್ಲಿ ಒಂದು ಕಾಲಕ್ಕೆ ಶಬ್ದದ ಮೊದಲಿಗೆ ಬರುವ ಪಕಾರ ಬಹುಮಟ್ಟಿಗೆ ಹಕಾರವಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಆ ತೆರೆ ಸರಿಸಿ ಹಿಂದೆ ಹೋದರೆ ಸಂಖ್ಯೆ ‘ಪತ್ತು’, ಬೆಳೆ ‘ಪರ್ತಿ’. ಕ್ರಿಯಾಪದವೂ ಹಳಗನ್ನಡದಲ್ಲಿ ‘ಪತ್ತು’ ಎಂದೇ ಸಿಗುತ್ತದೆ. ಅಲ್ಲಿಗೆ ಎರಡು ಆಗಲೇ ಕೂಡಿಕೊಂಡಿವೆ. ಆದರೆ ತಮಿಳು ಮೂರನ್ನೂ ಈಗಲೂ ಬೇರೆಯಾಗಿಯೇ ಇಟ್ಟುಕೊಂಡಿದೆ: ಸಂಖ್ಯೆಗೆ ಪತ್ತು, ಬೆಳೆಗೆ ಪರುತ್ತಿ, ಹಿಡಿಯುವುದಕ್ಕೆ–ಅಂಟಿಕೊಳ್ಳುವುದಕ್ಕೆ ಪಱ್ಱು. ಭಾಷಾವಿಜ್ಞಾನಿಗಳಾದ ಬರೋ ಮತ್ತು ಎಮನೋ ಸೇರಿ 1961ರಲ್ಲಿ ಹೊರತಂದು 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶದಲ್ಲಿ, ಅಂದರೆ ಶಬ್ದಗಳ ಮೂಲ ಹೇಳುವ ಕೋಶದಲ್ಲಿ, ಈ ಮೂರಕ್ಕೂ ಬೇರೆ ಬೇರೆ ಉಲ್ಲೇಖಗಳಿವೆ. ಅಂದರೆ ಮೂರು ಮನೆತನದವರು ಕಾಲಾಂತರದಲ್ಲಿ ಒಂದೇ ಹೆಸರಿಗೆ ಬಂದು ನಿಂತಿದ್ದಾರೆ, ಅಷ್ಟೆ. ಒಂದೂರಲ್ಲಿ ನಾಲ್ಕು ಬಸವರಾಜರು ಇರುವುದಿಲ್ಲವೇ, ಹಾಗೆ.

ಈಗ ಕ್ರಿಯಾಪದವೊಂದನ್ನೇ ಹಿಡಿಯೋಣ. ಕೈಗೆ ಬಣ್ಣ ಹತ್ತೈತಿ. ಕುಡಗೋಲಿಗೆ ಜಂಗ್ ಹತ್ತೈತಿ. ಜೋಳಕ್ಕ ಹುಳ ಹತ್ತ್ಯಾವ. ಕಣಕಿಗೆ ಬೆಂಕಿ ಹತ್ತಿತು. ಕೂಸಿಗೆ ನಿದ್ದಿ ಹತ್ತಿತು. ಮನಿ ಕಟ್ಟಾಕ ಎಷ್ಟು ರೊಕ್ಕ ಹತ್ತತಾವ? ಬಸ್ ಹತ್ತಿದ. ಗುಡ್ಡ ಹತ್ತಿದ. ಓದಾಕ ಹತ್ತ್ಯಾನ.

ಮೊದಲ ಐದನ್ನು ಮತ್ತೊಮ್ಮೆ ಓದಿ. ಎಲ್ಲದರಲ್ಲೂ ಒಂದು ‘ಗೆ’ ಅಥವಾ ‘ಕ್ಕೆ’ ಇದೆ: ಕೈಗೆ, ಕುಡಗೋಲಿಗೆ, ಜೋಳಕ್ಕ, ಕಣಕಿಗೆ, ಕೂಸಿಗೆ. ಹತ್ತುವ ವಸ್ತು ಕರ್ತೃ, ಅದು ಹೋಗಿ ಅಂಟುವ ಜಾಗಕ್ಕೆ ಚತುರ್ಥಿ. ಕನ್ನಡಿಗರು ನಿದ್ದೆಯನ್ನು ಬಣ್ಣದ ಹಾಗೆ, ಜಂಗಿನ ಹಾಗೆ ಬಂದು ಮೆತ್ತಿಕೊಳ್ಳುವ ಪದಾರ್ಥ ಎಂದು ಭಾವಿಸಿದ್ದಾರೆ. ನಾನು ಕವಿತ್ವ ಮಾಡುತ್ತಿಲ್ಲ, ವಿಭಕ್ತಿ ಪ್ರತ್ಯಯವೇ ಹಾಗೆ ಹೇಳುತ್ತಿದೆ. ರೊಕ್ಕದ ವಾಕ್ಯದಲ್ಲೂ ಅದೇ ಸಂಸಾರ: ಕೆಲಸಕ್ಕೆ ಹೋಗಿ ಮೆತ್ತಿಕೊಳ್ಳುವ ಹಣ. ಬಸ್ ಮತ್ತು ಗುಡ್ಡಕ್ಕೆ ಬಂದಾಗ ಮಾತ್ರ ಪಾತ್ರಗಳು ಅದಲುಬದಲು. ಅಲ್ಲಿ ಅಂಟಿಕೊಳ್ಳುವವನು ಮನುಷ್ಯನೇ, ಅದೂ ತನ್ನ ಇಚ್ಛೆಯಿಂದ. ಮರ ಹತ್ತುವವನನ್ನು ಕಂಡವರಿಗೆ ಅಂಟಿಕೊಳ್ಳುವುದು ಏರುವುದಾಗಿ ಬದಲಾದದ್ದು ಹೇಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಪರೀಕ್ಷೆ ಮಾಡಿ ನೋಡಬಹುದು. ‘ಹತ್ತು’ ಇರುವಲ್ಲಿ ‘ಏರು’ ಹಾಕಿ. ಬಸ್ ಏರಿದ ಆಗುತ್ತದೆ, ಗುಡ್ಡ ಏರಿದ ಆಗುತ್ತದೆ, ‘ಕೂಸಿಗೆ ನಿದ್ದಿ ಏರಿತು’ ಆಗುವುದಿಲ್ಲ. ‘ಅಂಟು’ ಹಾಕಿ. ಬಣ್ಣ ಅಂಟಿತು ಸರಿ, ‘ಬಸ್ ಅಂಟಿದ’ ಅಂದರೆ ಮಂದಿ ನಗುತ್ತಾರೆ. ಇನ್ನೊಂದು ಪರೀಕ್ಷೆ: ಎರಡು ಬಳಕೆಗಳನ್ನು ಒಂದೇ ಕ್ರಿಯಾಪದಕ್ಕೆ ಕಟ್ಟುವುದು. ‘ಕಣಕಿಗೆ ಬೆಂಕಿನೂ ಹುಳಾನೂ ಹತ್ತಿದ್ವು’ ಎಂಬುದನ್ನು ಕಿವಿ ಹೇಗೋ ಸಹಿಸುತ್ತದೆ. ‘ಅಂವ ಬಸ್ಸನ್ನೂ ಅವನಿಗೆ ನಿದ್ದಿಯೂ ಹತ್ತಿದ’ ಎಂದರೆ ವಾಕ್ಯವೇ ಮುರಿದು ಬೀಳುತ್ತದೆ. ಅರ್ಥಗಳು ಎಲ್ಲಿ ಒಂದು, ಎಲ್ಲಿ ಎರಡು ಎಂದು ಹೇಳಲು ನಮ್ಮ ಕೈಯಲ್ಲಿರುವ ಅಳತೆಗೋಲು ಇಂಥದ್ದು. ಮಾತನಾಡುವವರ ಕಿವಿಯೇ ಪ್ರಯೋಗಾಲಯ. ಎಲ್ಲೆಲ್ಲಿ ಅದು ‘ಊಹೂಂ’ ಅನ್ನುತ್ತದೋ ಅಲ್ಲಿ ನಮಗೆ ಮಾಹಿತಿ ಸಿಗುತ್ತದೆ.

ಉಳಿದದ್ದು ‘ಓದಾಕ ಹತ್ತ್ಯಾನ’. ನನ್ನ ಪ್ರಕಾರ ನಮ್ಮ ಕಡೆಯ ಕನ್ನಡದ ಅತ್ಯಂತ ಸೊಗಸಾದ ಸಂಗತಿ ಇದೇ. ಮೈಸೂರು ಕಡೆಯವರು ‘ಓದ್ತಾ ಇದ್ದಾನೆ’ ಎಂದು ‘ಇರು’ ಬಳಸಿ ಹೇಳುವುದನ್ನು ನಾವು ‘ಹತ್ತು’ ಬಳಸಿ ಹೇಳುತ್ತೇವೆ. ಕೆಲಸಕ್ಕೆ ಅಂಟಿಕೊಂಡ, ಅಂದರೆ ಸುರು ಮಾಡಿದ. ಸುರು ಮಾಡಿದ, ಅಂದರೆ ಈಗ ಮಾಡುತ್ತಿದ್ದಾನೆ. ಈ ನಡಿಗೆಯಲ್ಲಿ ಶಬ್ದದ ಸ್ವಂತ ಅರ್ಥ ಒಂದೊಂದೇ ಹೆಜ್ಜೆಗೆ ಕರಗಿತು, ದನಿಯೂ ಸವೆಯಿತು: ‘ಓದಾಕ ಹತ್ತ್ಯಾನ’ ಹೋಗಿ ‘ಓದಾಕತ್ತಾನ’ ಆಯಿತು. ಎಷ್ಟು ಕರಗಿದೆ ಎಂದು ತಿಳಿಯಬೇಕೇ? ‘ಅಂವ ಗುಡ್ಡಾ ಇಳ್ಯಾಕ ಹತ್ತ್ಯಾನ’ ಎಂದು ಹೇಳಿ ನೋಡಿ. ಇಳಿಯಲು ಹತ್ತುವುದು! ಯಾರಿಗೂ ವಿರೋಧ ಕಾಣುವುದಿಲ್ಲ. ‘ಹತ್ತಾಕ ಹತ್ತ್ಯಾನ’ ಎಂದಾಗಲೂ ಪುನರುಕ್ತಿ ಅನಿಸುವುದಿಲ್ಲ. ತುಂಬಿದ ಅರ್ಥವಿದ್ದ ಶಬ್ದ ಹೀಗೆ ವ್ಯಾಕರಣದ ಸಲಕರಣೆಯಾಗಿ ಬದಲಾಗುವುದಕ್ಕೆ ಫ್ರೆಂಚ್ ಭಾಷಾವಿಜ್ಞಾನಿ ಆಂತ್ವಾನ್ ಮೆಯೆ 1912ರಲ್ಲಿ ವ್ಯಾಕರಣೀಕರಣ ಎಂಬರ್ಥದ ಹೆಸರು ಕೊಟ್ಟ. ಜಗತ್ತಿನ ಭಾಷೆಗಳಲ್ಲೆಲ್ಲ ಇದು ನಡೆಯುತ್ತದೆ, ಹೆಚ್ಚುಕಡಿಮೆ ಯಾವಾಗಲೂ ಒಂದೇ ದಿಕ್ಕಿನಲ್ಲಿ. ಭಾರವಾದ ಶಬ್ದ ಹಗುರಾಗುತ್ತದೆ. ಪ್ರತ್ಯಯ ಮೈದುಂಬಿಕೊಂಡು ಮತ್ತೆ ಸ್ವತಂತ್ರ ಶಬ್ದವಾಗುವುದು ಬಲು ಅಪರೂಪ. ವಿಜ್ಞಾನವೇ ಎಂದು ಕೇಳಿದಿರಲ್ಲ, ದಿಕ್ಕು ಹೇಳಬಲ್ಲದ್ದಕ್ಕೆ ಆ ಹೆಸರು ಕೊಡಲು ನನಗೇನೂ ಸಂಕೋಚವಿಲ್ಲ.

ಇನ್ನು ಯಾರು ತೀರ್ಮಾನಿಸುತ್ತಾರೆ ಅನ್ನುವ ಪ್ರಶ್ನೆ. ನಿಘಂಟುಕಾರ ಅಲ್ಲ. ಬಾಸೆಲ್ ಮಿಷನ್ನಿನಿಂದ ಬಂದು ಹುಬ್ಬಳ್ಳಿ–ಧಾರವಾಡದಲ್ಲೂ ಇದ್ದ ಕಿಟೆಲ್ 1894ರಲ್ಲಿ ಅಷ್ಟು ದೊಡ್ಡ ಕೋಶ ತಂದನಲ್ಲ, ಅವನು ಕನ್ನಡಕ್ಕೆ ಅರ್ಥ ಕೊಡಲಿಲ್ಲ. ಮಂದಿಯ ಬಾಯಲ್ಲಿ, ಕಾವ್ಯಗಳಲ್ಲಿ ಇದ್ದದ್ದನ್ನು ಲೆಕ್ಕಕ್ಕೆ ಹಿಡಿದ. ಅಡತಿ ಅಂಗಡಿಯ ಖಾತೆ ಪುಸ್ತಕ ಬೆಳೆ ಬೆಳೆಯುವುದಿಲ್ಲ, ಬಂದ ಚೀಲ ಬರೆದುಕೊಳ್ಳುತ್ತದೆ. ‘ಎಣ್ಣೆ’ ತಗೊಳ್ಳಿ. ಎಳ್ಳು ಮತ್ತು ನೆಯ್ ಸೇರಿ ಆದ ಶಬ್ದ, ಎಳ್ಳಿನ ಜಿಡ್ಡು ಎಂದಷ್ಟೇ ಅರ್ಥ. ಹಾಗಾದರೆ ‘ಎಳ್ಳೆಣ್ಣೆ’ ಅನ್ನುವುದರಲ್ಲಿ ಎಳ್ಳು ಎರಡು ಸಲ ಬಂತು, ‘ಕುಸುಬಿ ಎಣ್ಣಿ’, ‘ಶೇಂಗಾ ಎಣ್ಣಿ’ ಅನ್ನುವುದು ಶುದ್ಧ ತಪ್ಪು! ಆದರೆ ನಮ್ಮ ಭಾಗದ ಒಬ್ಬ ರೈತನೂ ತಾನು ತಪ್ಪು ಮಾಡುತ್ತಿದ್ದೇನೆ ಎಂದುಕೊಂಡಿಲ್ಲ. ಎಳ್ಳು ಮರೆತುಹೋಯಿತು, ಜಿಡ್ಡು ಉಳಿಯಿತು. ನೆಲದಿಂದ ತೆಗೆದದ್ದೂ ಸೀಮೆಎಣ್ಣೆಯಾಯಿತು. ಈಗಿನ ಹುಡುಗರು ‘ಎಣ್ಣಿ ಹೊಡಿಯೂಣು ಬಾ’ ಎಂದರೆ ಅದರಲ್ಲಿ ಎಳ್ಳೂ ಇಲ್ಲ, ಜಿಡ್ಡೂ ಇಲ್ಲ. ಯಾವ ಪಂಡಿತರ ಸಭೆಯೂ ಇದಕ್ಕೆ ಠರಾವು ಮಾಡಲಿಲ್ಲ. ಹಾಗೆಂದು ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು ಎಂದಲ್ಲ. ನಾಳೆಯಿಂದ ನೀವೊಬ್ಬರೇ ಯೂರಿಯಾಕ್ಕೆ ಎಣ್ಣೆ ಎಂದು ಕರೆದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಬೇರೆ ಭಾಷೆಯಿಂದ ಬಂದ ಶಬ್ದವೂ ಇಲ್ಲಿಯ ನೀರು ಕುಡಿದು ಇಲ್ಲಿಯದಾಗುತ್ತದೆ. ಹಿಂದಿಯವರಿಗೆ ಶಿಕ್ಷಾ ಅಂದರೆ ಓದು, ನಮಗೆ ಶಿಕ್ಷೆ ಅಂದರೆ ಜೈಲು. ತರ್ಕಶಾಸ್ತ್ರದಲ್ಲಿ ಅನುಮಾನ ಅಂದರೆ ಹೊಗೆ ಕಂಡು ಬೆಂಕಿ ಇದೆ ಎಂದು ತಿಳಿಯುವ ಗಟ್ಟಿ ಜ್ಞಾನ, ನಮ್ಮಲ್ಲಿ ಗಂಡ ತಡವಾಗಿ ಬಂದರೆ ಬರುವುದು ಅನುಮಾನ. ಇನ್ನು ಪತ್ರಿಕೆಯವರು ‘ಬೆಂಗಳೂರು ಚಲೋ’ ಎಂದು ತಲೆಬರಹ ಕೊಟ್ಟಾಗಲೆಲ್ಲ, ನಮ್ಮ ಓಣಿಯ ಹಿರಿಯರೊಬ್ಬರು ‘ಧಾರವಾಡ ಅದಕ್ಕಿಂತ ಚಲೋ’ ಎಂದು ಹೇಳಿಯೇ ಪೇಪರು ಮಡಿಸುತ್ತಾರೆ.

ಇಷ್ಟು ಹೊತ್ತು ಶಬ್ದದ ಮಾತಾಯಿತು. ಫ್ರಾನ್ಸಿನ ಮಿಶೆಲ್ ಬ್ರೆಯಾಲ್ 1883ರಲ್ಲಿ ಈ ಶಾಸ್ತ್ರಕ್ಕೆ ಹೆಸರಿಟ್ಟಾಗ ಅವನ ಮನಸ್ಸಿನಲ್ಲಿದ್ದದ್ದೂ ಬಹುಮಟ್ಟಿಗೆ ಇಂಥದ್ದೇ, ಶಬ್ದಗಳ ಅರ್ಥ ಕಾಲಕಾಲಕ್ಕೆ ಬದಲಾಗುವ ಬಗೆ. ಆದರೆ ಈಗ ನಿಮ್ಮ ಮಗಳಿಗೆ ಆರು ತಿಂಗಳು ಹಿಡಿಯುವುದು ಅದಕ್ಕಲ್ಲ, ವಾಕ್ಯಕ್ಕೆ. ಅಲ್ಲಿ ನಿಘಂಟು ಪೂರ್ತಿ ಕೈಬಿಡುತ್ತದೆ.

ನಿಮ್ಮ ಗೋದಾಮಿನ ಹುಡುಗ ಬಂದು ‘ಎರಡು ಚೀಲ ಬಂದಿಲ್ರಿ’ ಎಂದ ಅನ್ನಿ. ನಾಲ್ಕು ಚೀಲಕ್ಕೆ ಹೇಳಿದ್ದಿರಿ, ಎರಡು ಬಂದು ಎರಡು ಬಾಕಿ ಇದ್ದರೆ ಅವನ ಮಾತು ನಿಜ. ಈಗ ಬೇರೆ ಸಂದರ್ಭ: ‘ಎರಡೂ ಚೀಲ ಬಂದ್ವಲ್ಲ?’ ಎಂದು ನೀವು ಕೇಳಿದಿರಿ, ಅವನು ‘ಎಲ್ಲಿ ಎರಡ್ರಿ, ಎರಡು ಚೀಲ ಬಂದಿಲ್ಲ, ಒಂದ ಬಂದೈತಿ’ ಎಂದ. ಅದೂ ನಿಜ. ಎರಡೂ ಕಡೆ ಶಬ್ದಗಳು ಅವೇ, ಕ್ರಮ ಅದೇ. ಮೊದಲನೆಯದರಲ್ಲಿ ‘ಬಾರದ ಚೀಲಗಳು ಎರಡು ಇವೆ’ ಎಂದರ್ಥ, ಎರಡನೆಯದರಲ್ಲಿ ‘ಬಂದವು ಎರಡಲ್ಲ’ ಎಂದರ್ಥ. ವ್ಯತ್ಯಾಸ ಯಾವ ಶಬ್ದದಲ್ಲಿದೆ? ಯಾವುದರಲ್ಲೂ ಇಲ್ಲ. ‘ಎರಡು’ ಎಂಬುದರ ಹಿಡಿತದೊಳಗೆ ‘ಇಲ್ಲ’ ಇದೆಯೋ, ‘ಇಲ್ಲ’ದ ಹಿಡಿತದೊಳಗೆ ‘ಎರಡು’ ಇದೆಯೋ ಅನ್ನುವುದರಲ್ಲಿದೆ. ಇದಕ್ಕೆ ವ್ಯಾಪ್ತಿ ಎನ್ನುತ್ತೇವೆ.

ಈ ವ್ಯಾಪ್ತಿಯ ವಿಷಯದಲ್ಲಿ ಕನ್ನಡ ಜಗತ್ತಿಗೆ ಒಂದು ಉಪಕಾರ ಮಾಡಿದೆ. ನಮ್ಮವರಿಗೇ ಇದು ಗೊತ್ತಿಲ್ಲ ಎಂಬ ಬೇಸರ ನನಗಿದೆ, ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ‘ನಾನು ಎರಡು ಪುಸ್ತಕ ಓದಲಿಲ್ಲ’ ಎಂಬಂಥ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಿದರೆ ನಿಷೇಧ, ಅಂದರೆ ‘ಇಲ್ಲ’ ಎಂಬುದು, ಮೊದಲು ಬರುತ್ತದೆ, ‘ಎರಡು ಪುಸ್ತಕ’ ಆಮೇಲೆ. ಆ ಭಾಷೆಯ ನಾಲ್ಕು ವರ್ಷದ ಮಕ್ಕಳು ‘ಓದಿದ್ದು ಎರಡಲ್ಲ’ ಎಂಬ ಅರ್ಥವನ್ನಷ್ಟೇ ಹಿಡಿಯುತ್ತಾರೆ. ‘ಓದದೆ ಉಳಿದವು ಎರಡಿವೆ’ ಎಂಬುದನ್ನು ಒಪ್ಪಲು ಹಿಂಜರಿಯುತ್ತಾರೆ. ಯಾಕೆ? ಕಿವಿಗೆ ಮೊದಲು ಬಿದ್ದದ್ದಕ್ಕೆ ಹಿಡಿತ ಹೆಚ್ಚು ಎಂದು ಮಕ್ಕಳು ಭಾವಿಸುತ್ತಿರಬಹುದು. ಇಲ್ಲವೇ ವಾಕ್ಯದ ಒಳಗಿನ ಕಟ್ಟಡದಲ್ಲಿ ನಿಷೇಧ ಮೇಲಿನ ಅಂತಸ್ತಿನಲ್ಲಿ ಇರುವುದರಿಂದ ಹಾಗೆ ಆಗಿರಬಹುದು. ಇಂಗ್ಲಿಷ್ ಒಂದನ್ನೇ ಇಟ್ಟುಕೊಂಡರೆ ಇದು ಬಗೆಹರಿಯುವುದಿಲ್ಲ, ಯಾಕೆಂದರೆ ಅಲ್ಲಿ ಮೊದಲು ಬರುವುದೂ ಮೇಲೆ ಕೂರುವುದೂ ಒಂದೇ. ಕನ್ನಡದಲ್ಲಿ ಹಾಗಲ್ಲ. ‘ನಾನು ಎರಡು ಪುಸ್ತಕ ಓದಲಿಲ್ಲ’ ಎನ್ನುವಾಗ ‘ಎರಡು’ ಮೊದಲು, ‘ಇಲ್ಲ’ ಕಟ್ಟಕಡೆಗೆ.

ಭಾಷಾವಿಜ್ಞಾನಿಗಳಾದ ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ ಇದನ್ನೇ ಕನ್ನಡ ಮಕ್ಕಳ ಮೇಲೆ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಆಟಿಕೆಗಳಿಂದ ಒಂದು ಕತೆ ನಡೆಸಿ ತೋರಿಸುವುದು, ಬೊಂಬೆಯೊಂದು ಕತೆಯ ಬಗ್ಗೆ ಒಂದು ವಾಕ್ಯ ಹೇಳುವುದು, ಅದು ಸರಿಯೋ ತಪ್ಪೋ ಎಂದು ಮಗು ತೀರ್ಪು ಕೊಡುವುದು: ವಿಧಾನ ಇಷ್ಟು ಸರಳ. ದೊಡ್ಡವರು ಎರಡೂ ಅರ್ಥಗಳನ್ನು ಒಪ್ಪಿದರು. ನಾಲ್ಕು ವರ್ಷದ ಕನ್ನಡ ಮಕ್ಕಳು, ‘ಎರಡು’ ಮೊದಲು ಕಿವಿಗೆ ಬಿದ್ದರೂ, ಇಂಗ್ಲಿಷ್ ಮಕ್ಕಳ ಹಾಗೆಯೇ ನಿಷೇಧಕ್ಕೇ ಮೇಲುಗೈ ಕೊಟ್ಟರು. ಅಂದರೆ ಮಕ್ಕಳು ಶಬ್ದಗಳನ್ನು ಮಣಿ ಪೋಣಿಸಿದ ಹಾಗೆ ಸಾಲಾಗಿ ಕೇಳುತ್ತಿಲ್ಲ. ಅವುಗಳ ಮೇಲು–ಕೆಳಗಿನ ಕಟ್ಟಡವನ್ನು ಕೇಳುತ್ತಿದ್ದಾರೆ. ಇದನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ. ಯಾವ ತಾಯಿ ತಾನೇ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ನಿಷೇಧದ ವ್ಯಾಪ್ತಿ ಹೇಳಿಕೊಡುತ್ತಾಳೆ?

ಗದಗದವರಿಗೆಂದೇ ಇನ್ನೊಂದು. ‘ಕುಮಾರವ್ಯಾಸನೇ ಕುಮಾರವ್ಯಾಸ’ ಎಂದರೆ ನಾನು ನಿಮಗೆ ಏನೂ ಹೇಳಿದ ಹಾಗಾಗಲಿಲ್ಲ. ‘ಕುಮಾರವ್ಯಾಸನೇ ಗದುಗಿನ ನಾರಣಪ್ಪ’ ಎಂದರೆ ತಿಳಿಯದವನಿಗೆ ಒಂದು ಹೊಸ ವಿಷಯ ಸಿಕ್ಕಿತು. ಎರಡು ಹೆಸರೂ ತೋರಿಸುವುದು ಒಬ್ಬನನ್ನೇ ಆದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಹೆಸರು ತೋರಿಸುವ ವಸ್ತು ಒಂದು, ತೋರಿಸುವ ರೀತಿ ಇನ್ನೊಂದು, ಅರ್ಥದಲ್ಲಿ ಎರಡೂ ಸೇರಿವೆ ಎಂದು ಜರ್ಮನಿಯ ಗಾಟ್ಲೋಬ್ ಫ್ರೇಗೆ 1892ರಲ್ಲಿ ವಾದಿಸಿದ. ಅವನು ಕೊಟ್ಟ ಉದಾಹರಣೆ ಬೆಳಗಿನ ಚುಕ್ಕಿ ಮತ್ತು ಸಂಜೆಯ ಚುಕ್ಕಿ, ಎರಡೂ ಶುಕ್ರಗ್ರಹವೇ.

‘ಇದೆಲ್ಲ ನಮ್ಮವರು ಎಂದೋ ಹೇಳಿದ್ದಾರೆ’ ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅರ್ಧ ನಿಜ. ಬ್ಯಾಡಗಿ ಎಂಬುದು ಹಾವೇರಿ ಜಿಲ್ಲೆಯ ಊರು. ಆದರೆ ‘ಅರ್ಧ ಕಿಲೋ ಬ್ಯಾಡಗಿ ಕೊಡ್ರಿ’ ಎಂದರೆ ಅಂಗಡಿಯವನು ಊರನ್ನು ತೂಗುವುದಿಲ್ಲ, ಮೆಣಸಿನಕಾಯಿ ತೂಗುತ್ತಾನೆ. ಮುಖ್ಯಾರ್ಥ ಹೊಂದದೆ ಹೋದಾಗ, ಅದಕ್ಕೆ ಸಂಬಂಧಪಟ್ಟ ಇನ್ನೊಂದಕ್ಕೆ, ರೂಢಿಯಿಂದಲೋ ಪ್ರಯೋಜನಕ್ಕಾಗಿಯೋ ಮನಸ್ಸು ಜಿಗಿಯುವುದನ್ನು ನಮ್ಮ ಕಾವ್ಯಶಾಸ್ತ್ರದ ಆಲಂಕಾರಿಕರು ಲಕ್ಷಣಾ ಎಂದರು, ಅದರ ಷರತ್ತುಗಳನ್ನೂ ಪಟ್ಟಿ ಮಾಡಿದರು. ‘ಬೆಂಕಿಯಿಂದ ಗಿಡ ತೋಯಿಸು’ ಎಂಬ ವಾಕ್ಯಕ್ಕೆ ವ್ಯಾಕರಣ ಇದ್ದರೂ ಯೋಗ್ಯತೆ, ಅಂದರೆ ಅರ್ಥಗಳ ಹೊಂದಾಣಿಕೆ, ಇಲ್ಲ ಎಂದರು ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು. ಶಬ್ದಗಳು ಮೊದಲು ತಂತಮ್ಮ ಅರ್ಥ ಕೊಟ್ಟು ಆಮೇಲೆ ಕೂಡುತ್ತವೆಯೋ, ಕೂಡಿದ ಮೇಲೆಯೇ ಅರ್ಥ ಕೊಡುತ್ತವೆಯೋ ಎಂದು ಮೀಮಾಂಸಕರಾದ ಕುಮಾರಿಲ ಮತ್ತು ಪ್ರಭಾಕರರ ಅನುಯಾಯಿಗಳು ಶತಮಾನಗಟ್ಟಲೆ ಜಗಳಾಡಿದರು. ನಮ್ಮ ‘ಹತ್ತು’ ನೋಡಿದ ಮೇಲೆ ನನ್ನ ವೋಟು ‘ಕೂಡಿದ ಮೇಲೆಯೇ ಅರ್ಥ’ ಎಂದ ಪ್ರಭಾಕರನಿಗೆ. ಆದರೆ ಎರಡು ಚೀಲದ ಲೆಕ್ಕಕ್ಕೆ ಬೇಕಾದ ವ್ಯಾಪ್ತಿಯ ಗಣಿತ ಬೆಳೆದದ್ದು ಫ್ರೇಗೆಯ ತರ್ಕದಿಂದ, 1970ರ ಸುಮಾರಿಗೆ ಅಮೆರಿಕದ ತರ್ಕಶಾಸ್ತ್ರಜ್ಞ ರಿಚರ್ಡ್ ಮಾಂಟೆಗ್ಯೂ ಮಾಡಿದ ಕೆಲಸದಿಂದ. ಎರಡನ್ನೂ ಓದಬೇಕು. ಒಂದನ್ನು ಹೊಗಳಲು ಇನ್ನೊಂದನ್ನು ತೆಗಳುವವರ ಮಾತು ಮಗಳು ಕೇಳದಿರಲಿ.

ಹೇಳಿದ್ದು ಒಂದು, ತಿಳಿಸಿದ್ದು ಇನ್ನೊಂದು ಅನ್ನುವ ಜಾತಿಯದ್ದೂ ಇದೆ. ‘ಬೀಜ ಹೆಂಗ ಅದಾವ್ರಿ?’ ಎಂದು ಗಿರಾಕಿ ಕೇಳಿದಾಗ ನೀವು ‘ಚೀಲ ಭಾಳ ಚಲೋ ಐತ್ರಿ’ ಎಂದರೆ, ಬೀಜ ಕೆಟ್ಟಿವೆ ಎಂದು ನೀವು ಹೇಳಲಿಲ್ಲ, ಅವನಿಗೆ ತಿಳಿಯಿತು. ತತ್ವಜ್ಞಾನಿ ಪಾಲ್ ಗ್ರೈಸ್ 1975ರಲ್ಲಿ ಪ್ರಕಟಿಸಿದ ಲೇಖನ ಇದರ ಬಗ್ಗೆಯೇ. ಮನೆಯಿಂದ ಹೊರಡುವವರು ‘ಬರ್ತೀನ್ರಿ’ ಅನ್ನುವುದು, ದೀಪ ಆರಿಸುವಾಗ ‘ದೊಡ್ಡದು ಮಾಡು’ ಅನ್ನುವುದು, ಹಾವು ಕಚ್ಚಿದರೆ ‘ಹುಳ ಮುಟ್ಟೈತಿ’ ಅನ್ನುವುದು ಇದೇ ಅಂಗಳದ ಸರಕು, ಆದರೆ ಅಲ್ಲಿ ಊಹೆಯ ಕೆಲಸ ಮುಗಿದು ರೂಢಿ ಗಟ್ಟಿಯಾಗಿದೆ. ಅದನ್ನು ಹಿಡಿದರೆ ಇನ್ನೊಂದು ಪತ್ರವಾಗುತ್ತದೆ, ಬಿಡುತ್ತೇನೆ.

ಮಗಳು ಮತ್ತೆ ಬಂದು ನಗುವ ಮೊದಲು ನೀವೇ ಅವಳಿಗೆ ಒಂದು ಕೇಳಿ. ‘ಅವಂಗ ವಿದ್ಯಾ ತಲಿಗೆ ಹತ್ತಲಿಲ್ಲ’ ಅನ್ನುತ್ತೇವಲ್ಲ, ಅದು ಬಣ್ಣದ ಹತ್ತೋ, ಗುಡ್ಡದ ಹತ್ತೋ? ‘ತಲಿಗೆ’ ಎಂಬ ಚತುರ್ಥಿ ನೋಡಿ ನಾನು ಬಣ್ಣದ ಕಡೆ. ಆದರೆ ಊಟ ಮಾಡುವಾಗ ‘ನೆತ್ತಿಗೆ ಹತ್ತಿತು’ ಅನ್ನುವಲ್ಲೂ ಅದೇ ಚತುರ್ಥಿ ಇದೆ, ಅಲ್ಲಿ ಮಾತ್ರ ‘ಏರಿತು’ ಎಂದರೂ ನಡೆಯುತ್ತದೆ. ಅವಳು ಆ ತಕರಾರು ಎತ್ತಿದರೆ ಆರು ತಿಂಗಳ ಫೀ ವಸೂಲಾಯಿತು ಎಂದು ತಿಳಿಯಿರಿ.